ನೆಟ್ ಕೈಕೊಟ್ಟ ಭಾನುವಾರಗಳು

ಜನವರಿ 9

ಪ್ರೀತಿಯ ಗುಳಿ,

ಕೆನ್ನೆಗೆ ಬೆರಳು ಒತ್ತಿ ಕರೆಯುವ ನಿನ್ನ ಕೈಹೆಸರನ್ನು ಕಾಗದದ ಮೇಲೆ ಬರೆದರೆ ರಸ್ತೆಯ ಗುಂಡಿಯ ಹಾಗೆ ಕಾಣುತ್ತದೆ, ಬೇಜಾರು ಮಾಡಿಕೊಳ್ಳಬೇಡ. ಕೈಯಲ್ಲೇ ಕರೆಯೋಣವೆಂದರೆ ಈ ಭಾನುವಾರವೂ ನೆಟ್ ಕೈಕೊಟ್ಟಿತು.

ವಿಡಿಯೋ ಕಾಲಿನಲ್ಲಿ ನೀನು ಹಾಸ್ಟೆಲಿನ ಅಡುಗೆಯವಳ ಕಥೆ ಹೇಳುತ್ತಿದ್ದೆ. ಮುಖದ ತುಂಬ ನಗು. ಎರಡೂ ಕೈ ಕತ್ತಿನ ಹತ್ತಿರ ಹೋದವು, ಅಲ್ಲಿಗೆ ನೀನು ಪರದೆಯ ಮೇಲೆ ನಿಂತುಹೋದೆ. ಅವಳು ಹೊಸ ಸರ ಹಾಕಿಕೊಂಡು ಬಂದಳೋ, ನಿನ್ನ ಕತ್ತು ಹಿಸುಕಲು ಬಂದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ನೀನು ಗೊಂಬೆಯ ಹಾಗೆ ಹಲ್ಲು ಬಿಟ್ಟುಕೊಂಡು ಕೂತೆ. ನಾನು ಇಲ್ಲಿಂದ ಕೈಗೆ ಬಂದ ಹಾಗೆ ಬೈದೆ. ಅದಕ್ಕೂ ನಗುತ್ತಲೇ ಇದ್ದೆ. ಆಮೇಲೆ ಪರದೆ ಕಪ್ಪಾಗಿ ನಡುವೆ ಆ ದರಿದ್ರ ಚಕ್ರ ತಿರುಗತೊಡಗಿತು.

ಈಗ ತಮಾಷೆ ಮಾಡುತ್ತಿದ್ದೇನೆ, ಆವತ್ತು ಮಾತ್ರ ಅತ್ತುಬಿಟ್ಟೆ ಕಣೇ. ವಾರವಿಡೀ ನಾನು ಕಿವಿ ಕೇಳುವವರ ನಡುವೆ ಇರುತ್ತೇನೆ. ಬಟ್ಟೆ ಹೊಲಿಸಲು ಬಂದವರು ಬಾಯಿ ಅಗಲಿಸಿ, ಎಳೆಮಗುವಿಗೆ ತುತ್ತು ತಿನ್ನಿಸುವವರಂತೆ, ‘ತೋಳು… ಉದ್ದ… ಇರಲಿ’ ಎನ್ನುತ್ತಾರೆ. ನಿನ್ನ ಭಾವನ ಕೈಗೆ ಬರುವುದು ಊಟ, ನಿದ್ದೆ, ಬೀಗದಕೈ ಎಲ್ಲಿ, ಇಷ್ಟೇ. ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಕೈಗೆ ಬೇರೇನೂ ಹತ್ತುವುದಿಲ್ಲ. ತುಟಿ ಓದೋಣವೆಂದರೆ ಆ ಮೀಸೆ! ಅದರ ಹಿಂದೆ ಇಷ್ಟು ವರ್ಷ ಏನೇನು ಮಾತು ನಡೆದಿದೆಯೋ ದೇವರಿಗೇ ಗೊತ್ತು.

ಹುಟ್ಟು ಕಿವುಡರಾದ ನಾವಿಬ್ಬರು ಅಡುಗೆಮನೆಯ ನೆಲದ ಮೇಲೆ ಕೂತು ಅಮ್ಮನ ಜೊತೆ ಕಟ್ಟಿಕೊಂಡ ಈ ಕೈಭಾಷೆ ಬೇರೆ ಯಾರಿಗೂ ಬಾರದು. ನೀನು ಅಲ್ಲಿ ಕಿವುಡು ಮಕ್ಕಳಿಗೆ ಕಲಿಸುವುದು ಪುಸ್ತಕದ ಕೈಭಾಷೆ, ನಮ್ಮದಲ್ಲ. ಅಮ್ಮ ಹೋದ ಮೇಲೆ ಇದನ್ನು ಬಲ್ಲವರು ನೀನು, ನಾನು, ಇಬ್ಬರೇ. ಭಾನುವಾರ ಒಂದು ಗಂಟೆ ನಿನ್ನ ಎದುರು ಕೂತಾಗಲೇ ನಾನೂ ಒಬ್ಬ ಮಾತುಗಾತಿ ಎಂದು ನನಗೆ ನೆನಪಾಗುವುದು. ಅದೂ ಹೋದರೆ ನಾನು ಬರೀ ಹೊಲಿಗೆ ಯಂತ್ರದ ಒಂದು ಭಾಗ.

ವಾರದ ದಿನಗಳಲ್ಲಿ ನಿಮ್ಮ ಹಾಸ್ಟೆಲಿನವರು ಎಲ್ಲರ ಫೋನನ್ನೂ ಆಫೀಸಿನಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಇಣುಕುವುದೇ ಇಲ್ಲ. ಅದಕ್ಕೇ ಈ ಕಾಗದ. ವೈಫೈಗೆ ಏನು ರೋಗವೋ ವಿಚಾರಿಸಿ ಬರಿ.

ನಿನ್ನ ಅಕ್ಕ,
ಕತ್ತರಿ

ಜನವರಿ 17

ಪ್ರೀತಿಯ ಕತ್ತರಿ ಅಕ್ಕ,

ಅಡುಗೆಯವಳು ಸರ ಹಾಕಿಕೊಂಡು ಬಂದಿದ್ದಳು. ನನ್ನ ಕತ್ತು ಇದ್ದಲ್ಲೇ ಇದೆ.

ನಿನ್ನ ರೂಟರ್ ಎಲ್ಲಿದೆ ಎಂದು ಇಲ್ಲಿಂದಲೇ ಹೇಳುತ್ತೇನೆ, ಕೇಳು. ಸ್ಟೀಲ್ ಬೀರುವಿನ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ. ಧೂಳು ಕೂರಬಾರದೆಂದು ಅದಕ್ಕೊಂದು ಗವಸು ಹೊಲಿದು ಹಾಕಿರುತ್ತೀಯ. ಗವಸಿಗೆ ಲೇಸ್ ಕೂಡ ಇಟ್ಟಿರುತ್ತೀಯ. ಸುಳ್ಳಾದರೆ ಹೇಳು.

ನಮ್ಮ ಕಂಪ್ಯೂಟರ್ ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು. ವೈಫೈ ಅನ್ನುವುದು ಬೆಳಕಿನ ಹಾಗೆಯಂತೆ. ಮರದ ಬಾಗಿಲು ದಾಟುತ್ತದೆ, ಗೋಡೆ ದಾಟುವಾಗ ಏದುಸಿರು ಬಿಡುತ್ತದೆ, ಸ್ಟೀಲ್ ಕಂಡರೆ ಅಲ್ಲೇ ನಿಂತುಬಿಡುತ್ತದೆ. ದೊಡ್ಡ ಕನ್ನಡಿಯೂ ಅಷ್ಟೇ, ಅದರ ಬೆನ್ನಿಗೆ ಬಳಿದ ಲೇಪ ತಡೆಯುತ್ತದೆ. ನಿನ್ನ ಮನೆಯಲ್ಲಿ ಬೀರು ಎರಡು, ಗಿರಾಕಿಗಳು ಅಳತೆ ನೋಡಿಕೊಳ್ಳುವ ಆಳೆತ್ತರದ ಕನ್ನಡಿ ಒಂದು, ಆಮೇಲೆ ಫ್ರಿಜ್. ಪಾಪದ ರೂಟರ್ ಜೈಲಿನಲ್ಲಿ ಕೂತಿದೆ.

ಮೊದಲು ಆ ಗವಸು ತೆಗೆ, ಅದಕ್ಕೆ ಸೆಕೆಯಾಗುತ್ತದೆ. ಮನೆಯ ನಡುವೆ, ತಲೆಗಿಂತ ಎತ್ತರದಲ್ಲಿ, ಸುತ್ತ ಏನೂ ಇಲ್ಲದ ಕಡೆ ಇಡು. ಆ್ಯಂಟೆನಾ ಎರಡನ್ನೂ ನೇರ ನಿಲ್ಲಿಸು. ಆಮೇಲೆ ಪ್ಲಗ್ ತೆಗೆದು, ದೀಪವೆಲ್ಲ ಆರಿದ ಮೇಲೆ ಒಂದು ಟೀ ಕುಡಿದು, ಮತ್ತೆ ಹಾಕು. ಸಿಟ್ಟು ಬಂತೆಂದು ಟಪಟಪ ಸ್ವಿಚ್ ಒತ್ತಬೇಡ. ನಿನ್ನ ಸಿಟ್ಟು ಅದಕ್ಕೆ ಅರ್ಥವಾಗುವುದಿಲ್ಲ.

ಭಾನುವಾರ ನಿನ್ನ ಮುಖ ನೋಡದಿದ್ದರೆ ನನಗೂ ವಾರ ಸಾಗುವುದಿಲ್ಲ. ಇಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ, ಆದರೂ ನಮ್ಮಮ್ಮನ ತಮಾಷೆಗಳಿಗೆ ಇವರ ಭಾಷೆಯಲ್ಲಿ ಜಾಗವಿಲ್ಲ.

ನಿನ್ನ
ಗುಳಿ

ಮಾರ್ಚ್ 6

ಗುಳಿ,

ಲೇಸ್ ಇರಲಿಲ್ಲ. ಬಣ್ಣದ ಪೈಪಿಂಗ್ ಇತ್ತು. ಬಹಳ ಬುದ್ಧಿವಂತೆ ಆಗಬೇಡ.

ನಿನ್ನ ಭಾವ ಸ್ಟೂಲ್ ಹತ್ತಿ ಹಜಾರದ ಗೋಡೆಗೆ ಹಲಗೆ ಹೊಡೆದರು. ಮೊಳೆಗಿಂತ ಹೆಚ್ಚು ಪೆಟ್ಟು ಹೆಬ್ಬೆರಳಿಗೆ ಬಿತ್ತು. ಆಗ ಮಾತ್ರ ಮೀಸೆ ಮೇಲೆದ್ದು ತುಟಿ ಕಂಡಿತು, ಅವರು ಅಂದದ್ದನ್ನು ಇಲ್ಲಿ ಬರೆಯಲಾರೆ. ರೂಟರ್ ಈಗ ಸಿಂಹಾಸನದ ಮೇಲೆ ಕೂತ ಹಾಗೆ ಕೂತಿದೆ. ಕನ್ನಡಿಯನ್ನೂ ಸರಿಸಿದೆವು. ಒಂದಷ್ಟು ವಾರ ನೀನು ಒಮ್ಮೆಯೂ ನಿಂತುಹೋಗಲಿಲ್ಲ, ನೋಡಿದೆಯಲ್ಲ. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ಈಗ ಬೇರೆ ತರಹದ ಕಾಟ. ನೀನು ನಿಲ್ಲುವುದಿಲ್ಲ, ಚಕ್ರವೂ ತಿರುಗುವುದಿಲ್ಲ. ನಿನ್ನ ಕೈಗಳೇ ಕಾಣೆಯಾಗುತ್ತವೆ. ಮುಖ ನೋಡುತ್ತಿದ್ದರೆ ಕೈ ಇಲ್ಲ. ಕೈ ಹುಡುಕಿ ಹಿಡಿದೆ ಎನ್ನುವಾಗ ಮುಖ ಇಲ್ಲ. ಚಿತ್ರದ ಅಂಚೆಲ್ಲ ಮಬ್ಬು. ಅಷ್ಟು ಸಾಲದೆಂದು ನೀನು ಕತ್ತಲೆ ಕೋಣೆಯಲ್ಲಿ ಕೂತು ಮಾತಾಡುತ್ತೀಯ. ಒಂದು ಬಲ್ಬ್ ಹಾಕಿಕೊಳ್ಳಲು ನಿನಗೇನು ಸಂಕಟ?

ಕಳೆದ ಭಾನುವಾರ ನೀನು ಹೇಳಿದ್ದರಲ್ಲಿ ಅರ್ಧಕ್ಕೆ ಸುಮ್ಮನೆ ತಲೆಯಾಡಿಸಿದೆ. ಕಿವಿ ಕೇಳುವವರ ಎದುರು ಹಾಗೆ ತಲೆಯಾಡಿಸಿ ಅಭ್ಯಾಸ. ನಿನ್ನ ಎದುರೂ ಹಾಗೆ ಮಾಡಬೇಕಾಯಿತಲ್ಲ.

ನಿನ್ನ
ಕತ್ತರಿ

ಮಾರ್ಚ್ 15

ಅಕ್ಕ,

ತಲೆಯಾಡಿಸಿದ್ದು ನನಗೆ ಗೊತ್ತಾಗಿತ್ತು. ಹಾಸ್ಟೆಲಿನ ನಾಯಿ ಸತ್ತದ್ದನ್ನು ಹೇಳುತ್ತಿದ್ದೆ, ನೀನು ನಕ್ಕೆ.

ನಾನು ಕೂರುವುದು ಟ್ಯೂಬ್‌ಲೈಟಿನ ಕೆಳಗೆ, ಕಿಟಕಿಯ ಎದುರಿಗೆ. ಇನ್ನೂ ಬೆಳಕು ಬೇಕೆಂದರೆ ಸೂರ್ಯನನ್ನೇ ಹೊತ್ತು ತರಬೇಕು. ವಿಚಿತ್ರವೆಂದರೆ ನಿನ್ನ ಚಿತ್ರ ನನಗೆ ಸ್ವಚ್ಛವಾಗಿ ಬರುತ್ತದೆ, ನಿನ್ನ ಕತ್ತಿಗೆ ಸುತ್ತಿದ ಅಳತೆಪಟ್ಟಿಯ ಅಂಕಿಗಳೂ ಕಾಣುತ್ತವೆ. ಮೇಷ್ಟ್ರನ್ನು ಕೇಳಿದೆ. ಹೋಗುವ ದಾರಿ ಸರಿಯಿದ್ದು ಬರುವ ದಾರಿ ಮಾತ್ರ ಕೆಡುವುದೂ ಉಂಟಂತೆ.

ಅವರು ಹೇಳಿದ್ದು: ನಿನ್ನ ಫೋನಿನಲ್ಲಿ ನಿಮ್ಮ ವೈಫೈಗೆ ಎರಡು ಹೆಸರು ಕಾಣುತ್ತವೆ. ಒಂದು ದೂರ ಹೋಗುತ್ತದೆ, ಆದರೆ ನಿಧಾನ. ಕೊನೆಗೆ ಐದು ಎಂದು ಇರುವುದು ವೇಗ, ಆದರೆ ಗೋಡೆ ದಾಟಲು ಸೋಮಾರಿ. ರೂಟರಿನ ಕೆಳಗೇ ಕೂತು ಐದನ್ನು ಹಿಡಿ. ನಿಮ್ಮ ಕಟ್ಟಡದಲ್ಲಿ ಮನೆಗೊಂದು ರೂಟರ್ ಇರುವುದರಿಂದ ಎಲ್ಲವೂ ಒಂದೇ ದಾರಿಯಲ್ಲಿ ನುಗ್ಗಿ ಡಿಕ್ಕಿ ಹೊಡೆಯುತ್ತಿರಬಹುದು, ಚಾನೆಲ್ ಬದಲಾಯಿಸಬೇಕು. ಅದೂ ಆಗದಿದ್ದರೆ ವೈಫೈ ಬಿಟ್ಟು ವೈರನ್ನೇ ಹಾಕಿಸಿಬಿಡು. ಇದೆಲ್ಲ ನಿನ್ನಿಂದಾಗದು, ಕನೆಕ್ಷನ್ ಕೊಟ್ಟವನನ್ನೇ ಕರೆಸು. ಭಾನುವಾರವೇ ಬರಲಿ, ನಾವು ಮಾತಾಡುವಾಗಲೇ ನೋಡಲಿ.

ಅಕ್ಕ, ಇನ್ನೊಂದು ಸಲ ಅರ್ಥವಾಗದಿದ್ದರೆ ತಲೆಯಾಡಿಸಬೇಡ. ನನಗೆ ಹಾಗೆ ಮಾಡಬೇಡ.

ಗುಳಿ

ಜೂನ್ 21

ಗುಳಿ,

ಈ ಭಾನುವಾರ ಮಾತಿನ ನಡುವೆ ಚಿತ್ರ ಹೋದದ್ದು ನೆಟ್‌ನಿಂದಲ್ಲ. ನಾನೇ ಆರಿಸಿದೆ.

ನೆಟ್‌ನವನು ಕರೆದು ಕರೆದು ಸಾಕಾದ ಮೇಲೆ ಬಂದ. ಕೆಟ್ಟವನಲ್ಲ, ಚಪ್ಪಲಿ ಹೊರಗೆ ಬಿಟ್ಟು ಬಂದ. ಚಾನೆಲ್ ಬದಲಾಯಿಸಿದ, ವೈರು ಎಳೆದು ಫೋನ್ ಇಡುವ ಮೇಜಿನವರೆಗೂ ತಂದ, ಹಳೇ ರೂಟರನ್ನು ಎತ್ತಿ ಹೊಸದನ್ನು ಇಟ್ಟ. ಎಲ್ಲ ಆದ ಮೇಲೆ ಹೆಬ್ಬೆರಳು ಎತ್ತಿ ತೋರಿಸಿದ. ಆಗಲೇ ನೀನು ಬಂದದ್ದು. ನಿನ್ನ ಮುಖ ಬಂತು, ಮೂಗು ಬಂತು, ಕೈ ಇಲ್ಲ. ನಾನು ಅವನ ತೋಳು ಹಿಡಿದೆಳೆದು ಪರದೆ ತೋರಿಸಿದೆ, ನೋಡು, ಕೈ ಎಲ್ಲಿದೆ, ನೋಡು! ಅವನು ಪರದೆ ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆ ನೋಡಿದ. ತನ್ನ ಕಾರ್ಡಿನ ಹಿಂದೆ ಬರೆದು ಮುಂದಿಟ್ಟ. ‘ಎರಡು ಕೈನೂ ಕಾಣ್ತಿದೆ ಮೇಡಂ. ಪಿಕ್ಚರ್ ತುಂಬಾ ಕ್ಲಿಯರ್ ಇದೆ. ನಿಮಗೆ ಕಾಣ್ತಿಲ್ವಾ?’

ನನಗೆ ಬಂದ ಕೋಪಕ್ಕೆ ಅವನನ್ನು ಬಾಗಿಲವರೆಗೂ ಅಟ್ಟಿದೆ. ಕೆಲಸ ಬಾರದವರು ಹೀಗೇ ನಮ್ಮ ಮೇಲೆ ಹಾಕುವುದು ಎಂದುಕೊಂಡೆ. ಬಾಗಿಲು ಹಾಕಿ ತಿರುಗಿದಾಗ ಎದುರಿಗೆ ಆ ಆಳೆತ್ತರದ ಕನ್ನಡಿ. ಯಾಕೋ ಅದರ ಮುಂದೆ ನಿಂತು ನನ್ನದೇ ಎರಡು ಕೈಯನ್ನು ಎದೆಯ ಹತ್ತಿರ ಎತ್ತಿದೆ. ಕಂಡವು. ನಿನ್ನ ಜೊತೆ ಮಾತಾಡುವಷ್ಟು ಅಗಲಕ್ಕೆ ಚಾಚಿದೆ. ಹೋದವು. ಮೊಣಕೈಯಿಂದಾಚೆ ನಾನೇ ಇಲ್ಲ. ಕನ್ನಡಿಗೆ ಯಾವ ನೆಟ್ಟೂ ಬೇಡವಲ್ಲೇ.

ಎಷ್ಟು ದಿನದಿಂದ ಹೀಗಿತ್ತೋ. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಾಗಲೆಲ್ಲ ಬೇಜವಾಬ್ದಾರಿ ಎಂದು ನನ್ನನ್ನೇ ಬೈದುಕೊಂಡೆ. ಮೇಜಿನಂಚಿನ ಲೋಟ ಬಿದ್ದಾಗ ಭಾವನನ್ನು ಬೈದೆ. ಸಂಜೆ ದಾರಿ ಕಾಣದಿದ್ದರೆ ಬೀದಿದೀಪವನ್ನು ಬೈದೆ. ಉಳಿದದ್ದಕ್ಕೆಲ್ಲ ವೈಫೈ ಇತ್ತು.

ನನಗೆ ಹೆದರಿಕೆಯಾಗುತ್ತಿದೆ. ಇದನ್ನು ಹೇಳಿಕೊಳ್ಳಲು ಈ ಮನೆಯಲ್ಲಿ ಯಾರ ಬಳಿಯೂ ಪದಗಳಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ.

ಕತ್ತರಿ

ಜುಲೈ 5

ಗುಳೀ ಗುಳೀ ಗುಳೀ,

ಪೊರೆ! ಬರೀ ಪೊರೆ ಕಣೇ!

ಒಬ್ಬಳೇ ಹೋಗಿದ್ದೆ, ಭಾವನಿಗೆ ಡ್ಯೂಟಿ ಇತ್ತು. ಡಾಕ್ಟರು ಮೀಸೆ ಬೋಳಿಸಿಕೊಂಡ ಪುಣ್ಯಾತ್ಮ, ತುಟಿ ಎದ್ದು ಕಾಣುತ್ತದೆ. ಕಣ್ಣಿಗೆ ಏನೋ ಹನಿ ಹಾಕಿದರು, ಡಬ್ಬಿಯೊಳಗೆ ಗಲ್ಲ ಇಡಿಸಿದರು, ಬೆಳಕು ಬಿಟ್ಟರು. ಕೊನೆಗೆ ನನ್ನ ಕಡೆ ತಿರುಗಿ ನಿಧಾನವಾಗಿ ‘ನಿಮಗೆ ಇರೋದು ಪೊರೆ’ ಎಂದರು. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ರೀತಿ, ನಿನಗೆ ಗೊತ್ತಲ್ಲ. ಬೊರೆ ಎಂದೇನೂ ಇಲ್ಲ, ಕಣ್ಣಿನ ಡಾಕ್ಟರಿಗೆ ಮೊರೆ ಇಡುವವಳು ನಾನು, ಅವರಲ್ಲ. ಹಾಗಾಗಿ ಪೊರೆಯೇ! ಇಪ್ಪತ್ತೆರಡನೇ ತಾರೀಕು ಬನ್ನಿ, ಮನೆಯವರನ್ನೂ ಕರೆತನ್ನಿ ಎಂದು ಚೀಟಿ ಕೊಟ್ಟಿದ್ದಾರೆ. ಆಪರೇಷನ್ ಇರಬೇಕು. ಪಕ್ಕದ ಮನೆಯ ಅಜ್ಜಿಗೆ ಬೆಳಿಗ್ಗೆ ಪೊರೆ ತೆಗೆದರು, ಮಾರನೇ ದಿನ ಬಾಲ್ಕನಿಯಲ್ಲಿ ನಿಂತು ನನ್ನ ಬಟ್ಟೆ ಒಣಹಾಕುವ ರೀತಿಗೆ ಹೆಸರಿಡುತ್ತಿದ್ದರು.

ಆ ನೆಟ್‌ನವನನ್ನು ಅಟ್ಟಿದ್ದಕ್ಕೆ ನಾಚಿಕೆಯಾಗುತ್ತಿದೆ. ಇರಲಿ. ಈ ಭಾನುವಾರಗಳನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡೋಣ.

ನಿನ್ನ ಕುಣಿಯುತ್ತಿರುವ
ಕತ್ತರಿ

ಜುಲೈ 12

ಅಕ್ಕಯ್ಯಾ,

ನಿನ್ನ ಕಾಗದ ಹಿಡಿದು ಸ್ಟಾಫ್‌ರೂಮಿನಲ್ಲಿ ಅತ್ತೆ. ಏನು ಕೆಟ್ಟ ಸುದ್ದಿ ಎಂದು ಎಲ್ಲರೂ ಓಡಿ ಬಂದರು. ಪೊರೆ ಎಂದೆ. ಪೊರೆಗೆ ಯಾರಾದರೂ ಅಳುತ್ತಾರಾ ಎಂದು ನಕ್ಕರು.

ಆಪರೇಷನ್ ದಿನಕ್ಕೆ ರಜೆ ಕೇಳಿದೆ, ಕೊಡಲಿಲ್ಲ. ಆದರೆ ಅಕ್ಟೋಬರಿನಲ್ಲಿ ಬಂದೇ ಬರುತ್ತೇನೆ. ಆಗ ನಿನ್ನ ಕಣ್ಣು ನನ್ನದಕ್ಕಿಂತ ಚುರುಕಾಗಿ, ನನ್ನ ತಲೆಯ ಬಿಳಿಕೂದಲು ಹುಡುಕುತ್ತೀಯ. ಭಾವನಿಗೆ ಹೇಳು, ಹನಿ ಹಾಕುವಾಗ ಕೈ ನಡುಗಿಸಬಾರದೆಂದು.

ಗುಳಿ

ಜುಲೈ 25

ಗುಳಿ,

ಪೊರೆ ಅಲ್ಲ.

‘ನಿಮಗೆ ಇರೋದು ಪೊರೆ ಅಲ್ಲ’ ಎಂದಿದ್ದರಂತೆ. ‘ಪೊರೆ’ ಎನ್ನುವವರೆಗೆ ನನ್ನ ಕಡೆ ನೋಡುತ್ತಿದ್ದರು, ‘ಅಲ್ಲ’ ಎನ್ನುವಷ್ಟರಲ್ಲಿ ಕಂಪ್ಯೂಟರ್ ಕಡೆ ತಿರುಗಿದ್ದರು. ಹಾಳಾದ ನಮ್ಮ ಕನ್ನಡದಲ್ಲಿ ಅಲ್ಲ ಎನ್ನುವುದು ಕೊನೆಯಲ್ಲಿ ಬರುತ್ತದಲ್ಲ. ಅಷ್ಟು ದಿನ ಒಂದು ಪದದ ಬಾಲ ಕಾಣದೆ ಕುಣಿದೆ.

ಆಪರೇಷನ್ ಇರಲಿಲ್ಲ, ಇನ್ನೊಂದು ಪರೀಕ್ಷೆ ಇತ್ತು. ಡಾಕ್ಟರು ನಿನ್ನ ಭಾವನ ಜೊತೆ ಮಾತಾಡಿದರು, ಬಹಳ ಹೊತ್ತು. ನಾನು ಇಬ್ಬರ ಬಾಯಿಯನ್ನೂ ಹಿಂಬಾಲಿಸಲಾಗದೆ ಕೂತಿದ್ದೆ. ಆಮೇಲೆ ಭಾವ ನನ್ನ ಕಡೆ ತಿರುಗಿ, ಅಂಗೈ ಕೆನ್ನೆಗಿಟ್ಟು, ಕಣ್ಣು ಮುಚ್ಚಿ, ನಿದ್ದೆ ಎಂದರು. ನಿದ್ದೆ ಬರುತ್ತಿದ್ದರೆ ಮನೆಗೆ ಹೋಗೋಣ ಎಂದೆ. ಅವರು ತಲೆ ಅಲ್ಲಾಡಿಸಿ ಮತ್ತೆ ನಿದ್ದೆ ಎಂದರು. ನನ್ನ ಕಣ್ಣನ್ನು ತೋರಿಸಿ, ನಿದ್ದೆ. ಅವರ ಹತ್ತಿರ ಬೇರೆ ಪದ ಇರಲಿಲ್ಲ, ಪಾಪ. ಮುಖವೆಲ್ಲ ಒದ್ದೆಯಾಗಿತ್ತು. ಕೊನೆಗೆ ಡಾಕ್ಟರೇ ಬರೆದುಕೊಟ್ಟರು. ಕಿವಿಯ ಜೊತೆಗೇ ಹುಟ್ಟಿ ಬಂದ ಕಾಯಿಲೆ, ಸುತ್ತಲಿಂದ ಮುಚ್ಚುತ್ತ ಬಂದಿದೆ, ಈಗ ನಡುವಿಗೂ ಇಳಿದಿದೆ, ಔಷಧಿ ಇಲ್ಲ, ಬೇಗ ಹೋಗಬಹುದು.

ನೀನು ಮೊದಲು ನಿನ್ನ ಕಣ್ಣು ತೋರಿಸು. ನಾಳೆಯೇ ಹೋಗು. ಉಳಿದದ್ದು ಆಮೇಲೆ.

ಕಿವಿಯಿಲ್ಲ ಎಂದು ನಾನು ಯಾವತ್ತೂ ಅತ್ತವಳಲ್ಲ, ನಿನಗೆ ಗೊತ್ತು. ನಮಗೆ ಕಣ್ಣಿತ್ತು, ಅದು ಬೇಕಾದಷ್ಟಾಗಿತ್ತು. ಈಗ ಇದನ್ನೂ ಕೊಡಬೇಕಂತೆ.

ಕತ್ತರಿ

ಆಗಸ್ಟ್ 3

ಅಕ್ಕ,

ನನ್ನ ಕಣ್ಣು ಸರಿಯಿದೆಯಂತೆ. ಅವರು ಹಾಗೆ ಬರೆದುಕೊಟ್ಟಾಗ ನಾಚಿಕೆಯಿಂದ ನೆಲ ನೋಡಿದೆ.

ರೂಟರ್ ಎತ್ತರಕ್ಕಿಡು, ವೈರು ಹಾಕಿಸು ಎಂದು ಪುಟಗಟ್ಟಲೆ ಬರೆದೆನಲ್ಲ, ಆ ಕಾಗದಗಳನ್ನೆಲ್ಲ ಒಲೆಗೆ ಹಾಕು. ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ, ಓದಲು ಬರುತ್ತದಾ?

ರಜೆ ಸಿಕ್ಕ ದಿನವೇ ಹೊರಡುತ್ತೇನೆ. ನಿನಗೆ ಕೈ ಕಾಣದಿದ್ದರೆ ನನ್ನ ಕೈಯನ್ನು ಹಿಡಿದುಕೊಂಡು ಓದು. ಇಲ್ಲಿ ಅಂಥ ಒಬ್ಬ ಹುಡುಗಿ ಇದ್ದಾಳೆ, ಹಾಗೇ ಮಾತಾಡುತ್ತಾಳೆ. ನಾವೂ ಕಲಿಯೋಣ.

ಗುಳಿ

ನವೆಂಬರ್ 19

ಗುಳಿ,

ಅಕ್ಷರ ಅಡ್ಡಾದಿಡ್ಡಿ ಹೋಗಿದ್ದರೆ ಕ್ಷಮಿಸು. ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿ ಅದರೊಳಗೆ ಬರೆಯುತ್ತಿದ್ದೇನೆ. ಬರೆದದ್ದು ನನಗೆ ಕಾಣುವುದಿಲ್ಲ. ಇದು ನನ್ನ ಕೊನೆಯ ಕಾಗದ ಆಗಬಹುದು, ಆದ್ದರಿಂದ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ.

ನೀನು ಬಂದಿದ್ದ ದಿನಗಳು ಚೆನ್ನಾಗಿದ್ದವು. ನಿನ್ನ ಕೈಯ ಮೇಲೆ ನನ್ನ ಕೈ ಇಟ್ಟು ಕೂತಾಗ ಮಾತು ಎಷ್ಟು ಬೇಗ ಹತ್ತಿತು! ಹೊಲಿಗೆಯವಳ ಬೆರಳಲ್ಲವೇ, ಬಟ್ಟೆಯ ನೇಯ್ಗೆ ಮುಟ್ಟಿ ಹೇಳುತ್ತಿದ್ದವಳು. ಅಮ್ಮ ಹಾಲು ಉಕ್ಕಿಸಿದ ಕಥೆಯನ್ನು ನೀನು ನನ್ನ ಕೈಯೊಳಗೆ ಹೇಳಿದಾಗ ಇಬ್ಬರೂ ನಕ್ಕು ನಕ್ಕು ಬೆಂಚಿನಿಂದ ಜಾರಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಆ ದಿನಗಳಲ್ಲೆಲ್ಲ ಒಂದೇ ಆಸೆ ಇಟ್ಟುಕೊಂಡಿದ್ದೆ. ನೀನು ‘ಇಲ್ಲೇ ಉಳಿಯಲಾ?’ ಎಂದು ಕೇಳುತ್ತೀಯೇನೋ ಎಂದು. ಕೇಳಿದ್ದರೆ ಬೇಡ ಎನ್ನುವ ಶಕ್ತಿ ನನಗಿರಲಿಲ್ಲ.

ನೀನು ಕೇಳಲಿಲ್ಲ. ಹೊರಡುವ ದಿನ ಬಾಗಿಲಲ್ಲಿ ನನ್ನ ಕೈ ಹಿಡಿದು, ನಾನು ಹೋಗುತ್ತೇನೆ ಎಂದೆ. ನಿನ್ನ ನಿರ್ಧಾರ ಆಗಿದೆ ಎಂದು ನಾನು ಅಂದುಕೊಂಡೆ. ಹೋಗು ಎಂದೆ. ನಿನಗೂ ಒಂದು ಬದುಕಿದೆ, ಅಷ್ಟು ಮಕ್ಕಳಿದ್ದಾರೆ, ದೂರುವುದಕ್ಕಲ್ಲ ಹೇಳಿದ್ದು.

ಭಾನುವಾರ ಭಾವ ಫೋನ್ ಹಚ್ಚಿ ಎದುರಿಗಿಡುತ್ತಾರೆ. ನಾನು ಮಾತಾಡುತ್ತೇನೆ. ನೀನು ಉತ್ತರ ಕೊಡುತ್ತೀಯೋ, ನೆಟ್ ಹೋಗಿದೆಯೋ, ನನಗೆ ಎರಡೂ ಒಂದೇ ಕತ್ತಲೆ.

ಕತ್ತರಿ

ಡಿಸೆಂಬರ್ 4

ಭಾವ,

ಈ ಕಾಗದವನ್ನು ನೀವೇ ಓದಬೇಕು. ಓದಿ, ಅಕ್ಕನ ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ತಿಳಿಸಿ. ಪೂರ್ತಿ ಬರೆಯಲಾಗದಿದ್ದರೆ ಕೊನೆಯ ಪದವನ್ನಾದರೂ ಬರೆಯಿರಿ. ದಯವಿಟ್ಟು.

ಅಕ್ಕ, ನೆಟ್ ಒಂದು ಭಾನುವಾರವೂ ಹೋಗಿಲ್ಲ. ಈಗ ಕನ್ನಡಿಯಷ್ಟು ಸ್ವಚ್ಛ. ನೀನು ಆಡುವ ಒಂದೊಂದು ಮಾತನ್ನೂ ನೋಡುತ್ತೇನೆ, ಪ್ರತಿಯೊಂದಕ್ಕೂ ಉತ್ತರ ಕೊಡುತ್ತೇನೆ. ನೀನು ಪರದೆಯ ಪಕ್ಕದ ಗೋಡೆಯನ್ನು ನೋಡುತ್ತ ‘ಇದ್ದೀಯಾ? ಹೋಯಿತಾ?’ ಎನ್ನುತ್ತೀಯ. ಇದ್ದೇನೆ, ಇದ್ದೇನೆ ಎಂದು ಹುಚ್ಚಿಯ ಹಾಗೆ ಕೈ ಬೀಸುತ್ತೇನೆ. ಆಮೇಲೆ ನೀನು ಫೋನ್ ತಡಕಿ ಆರಿಸುತ್ತೀಯ.

ನಾನು ಕೇಳಲಿಲ್ಲ ಎಂದು ಬರೆದಿದ್ದೀಯ. ನಾನು ಕೇಳಿದೆ ಅಕ್ಕ. ಬಾಗಿಲಲ್ಲಿ ನಾನು ಕೇಳಿದ್ದೇ ಅದು. ನಮ್ಮ ಭಾಷೆಯಲ್ಲಿ ‘ಹೋಗುತ್ತೇನೆ’ಗೂ ‘ಹೋಗಲಾ?’ಗೂ ಕೈ ಒಂದೇ. ಪ್ರಶ್ನೆ ಇರುವುದು ಹುಬ್ಬಿನಲ್ಲಿ. ನಾನು ಹುಬ್ಬು ಏರಿಸಿ, ಕಣ್ಣು ತುಂಬಿಕೊಂಡು, ಬೇಡ ಎನ್ನು ಎಂದು ನಿನ್ನ ಮುಖವನ್ನೇ ನೋಡುತ್ತ ಕೇಳಿದೆ. ಹುಟ್ಟಿದಾಗಿನಿಂದ ಹಾಗೇ ಕೇಳಿದವಳು. ನಿನಗೆ ಹುಬ್ಬು ಕಾಣದು ಎಂದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ನೀನು ಎರಡನೇ ಯೋಚನೆ ಇಲ್ಲದೆ ಹೋಗು ಎಂದೆ. ನನ್ನ ಸ್ವಂತ ಅಕ್ಕನಿಗೇ ನಾನು ಬೇಡವಾದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಇಲ್ಲಿಗೆ ಬಂದ ಮಾರನೇ ದಿನವೇ ಹಾಸ್ಟೆಲಿನ ವಾರ್ಡನ್ ಕೆಲಸಕ್ಕೆ ಸಹಿ ಹಾಕಿದೆ. ಈಗ ಬಿಡಿ ಎಂದರೆ ಶಾಲೆಯ ವರ್ಷ ಮುಗಿಯುವವರೆಗೆ ಆಗದು ಎನ್ನುತ್ತಾರೆ. ಅಷ್ಟರಲ್ಲಿ ನಿನಗೆ ನನ್ನ ಮುಖದ ನೆರಳೂ ಉಳಿದಿರುವುದಿಲ್ಲ.

ಭಾವ, ಬರೆಯಬೇಕಾದ ಪದ ಇದು: ಹೋಗಲಾ? ಪ್ರಶ್ನೆಯ ಗುರುತನ್ನು ಮರೆಯಬೇಡಿ. ಏನು ಹೇಳುತ್ತಾಳೋ ನನಗೆ ತಿಳಿಸಿ.

ಗುಳಿ

ಡಿಸೆಂಬರ್ 17

ನಾದಿನಿಗೆ,

ನಿನ್ನ ಪತ್ರ ತಲುಪಿತು. ನನಗೆ ಪತ್ರ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದುವುದು. ಇಲ್ಲಿ ನಾನು ಕ್ಷೇಮ. ನಿನ್ನ ಅಕ್ಕನ ಆರೋಗ್ಯ ನಿನಗೆ ತಿಳಿದದ್ದೇ. ಮೊನ್ನೆಯಿಂದ ಕಿಟಕಿ ಯಾವ ಕಡೆ ಇದೆ ಎನ್ನುವುದೂ ಗೊತ್ತಾಗುತ್ತಿಲ್ಲ.

ನೀನು ಹೇಳಿದ ಹಾಗೆ ಡ್ಯೂಟಿ ಮುಗಿಸಿ ಬಂದು ಅವಳ ಅಂಗೈ ಮೇಲೆ ಬರೆದೆ. ನನ್ನ ಬೆರಳು ದಪ್ಪ, ಒತ್ತಕ್ಷರ ಬಂದರೆ ಕಲಸಿಹೋಗುತ್ತದೆ. ‘ನೆಟ್ ಹೋಗಿಲ್ಲ’ ಎಂದು ಬರೆಯುವಷ್ಟರಲ್ಲೇ ಇಬ್ಬರಿಗೂ ಬೆವರು ಬಂತು. ಪೂರ್ತಿ ಆಗಲಿಲ್ಲ. ಬಾಗಿಲು ಎಂದು ಬರೆದೆ, ಆಮೇಲೆ ಕೊನೆಯ ಪದ ಬರೆದೆ. ಹೋಗಲಾ, ಮೂರು ಅಕ್ಷರ ಸಲೀಸಾಗಿ ಹತ್ತಿತು. ನಂತರ ಪ್ರಶ್ನೆಯ ಗುರುತು ಹಾಕಿದೆ. ಅದನ್ನು ಅವಳು ಯಾವುದೋ ಅಕ್ಷರ ಎಂದುಕೊಂಡಳು. ಇನ್ನೊಮ್ಮೆ ಎಂದು ಕೈ ಚಾಚಿದಳು. ಕೊಕ್ಕೆ ಎಳೆದು ಕೆಳಗೆ ಚುಕ್ಕಿ ಒತ್ತಿದೆ. ಆಗ ತಿಳಿಯಿತು. ಮತ್ತೆ ಕೈ ಚಾಚಿದಳು, ಮತ್ತೆ ಹಾಕಿದೆ. ಹೀಗೆ ಎಷ್ಟೋ ಸಲ ಹಾಕಿಸಿಕೊಂಡಳು.

ನಂತರ ಎದ್ದು ಗೋಡೆ ಹಿಡಿದುಕೊಂಡು ಹೋಗಿ ಫೋನಿನ ಎದುರು ಬೆಂಚಿನ ಮೇಲೆ ಕೂತಳು. ಹಚ್ಚು ಎಂದು ಹಟ ಮಾಡಿದಳು. ಇವತ್ತು ಬುಧವಾರ, ನಿನ್ನ ಫೋನು ಆಫೀಸಿನಲ್ಲಿರುತ್ತದೆ. ಬುಧವಾರ ಎಂದಷ್ಟೇ ಕೈ ಮೇಲೆ ಬರೆದೆ, ಒಪ್ಪಲಿಲ್ಲ. ಹಚ್ಚಿದೆ. ಯಾರೂ ಎತ್ತಲಿಲ್ಲ. ಅವಳಿಗೆ ಅದು ಗೊತ್ತಾಗಲಿಲ್ಲ. ಖಾಲಿ ಪರದೆಯ ಕಡೆ ಮುಖ ಮಾಡಿ, ಬೆಂಚಿನ ಮೇಲೆ ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. ತಟ್ಟುತ್ತಲೇ ಇದ್ದಳು. ನನ್ನನ್ನು ಕರೆಯುತ್ತಿದ್ದಾಳೆ ಎಂದುಕೊಂಡು ಹೋಗಿ ಕೂತೆ. ನನ್ನನ್ನು ತಳ್ಳಿ ಎಬ್ಬಿಸಿ, ಮತ್ತೆ ಅದೇ ಜಾಗವನ್ನು ತಟ್ಟಿದಳು.

ಇದಕ್ಕೆ ನಿಮ್ಮ ಭಾಷೆಯಲ್ಲಿ ಏನು ಅರ್ಥವೋ ನನಗೆ ತಿಳಿಯದು. ಏನು ಹೇಳುತ್ತಾಳೋ ತಿಳಿಸಿ ಎಂದು ನೀನು ಕೇಳಿದ್ದರಿಂದ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ.

ಇಂತಿ,
ನಿನ್ನ ಭಾವ